ಸೋಂಪುರದ ಜೀಪಿನ ಆಂಟೆನಾ

ಅಕ್ಕನ ತಿಥಿ ಮುಗಿದ ಮಾರನೆಯ ದಿನವೇ ನಾನು ಕೆಲಸಕ್ಕೆ ಹೋದೆ. ಬೇಕಾದರೆ ಇನ್ನೂ ರಜ ತೆಗೆದುಕೊಳ್ಳಮ್ಮ ಎಂದು ಅಂಗಡಿಯ ಓನರ್ ಹೇಳಿದ್ದರು. ಆದರೆ ಮನೆಯಲ್ಲಿ ಕೂತು ಮಾಡುವುದೇನಿತ್ತು? ಕಾರ್ಯಗಳೆಲ್ಲ ನಡೆದದ್ದು ಸೂಲಿಬೆಲೆ ಹತ್ತಿರ, ಭಾವನ ಮನೆಯಲ್ಲಿ. ಅಲ್ಲಿ ಅಡುಗೆಗೆ, ಅಕ್ಕನ ಮಗಳು ಪಾಪುವನ್ನು ನೋಡಿಕೊಳ್ಳಲು, ಎಲ್ಲ ಕೆಲಸಕ್ಕೂ ಅವರ ಕಡೆಯ ಹೆಂಗಸರಿದ್ದರು. ಒಂದು ಪಾತ್ರೆ ಎತ್ತಲು ಹೋದರೂ "ನೀನು ಕೂತ್ಕೊಳಮ್ಮ" ಎನ್ನುತ್ತಿದ್ದರು. ಅಷ್ಟೂ ದಿನ ನಾನು ನೆಂಟರ ಹಾಗೆ ಗೋಡೆಗೊರಗಿ ಕೂತಿದ್ದೆ. ಅಳು ಬರಲಿಲ್ಲ. ನೋಡಿದವರು ಗಟ್ಟಿ ಜೀವ ಅಂದರು.

ಹೊಸಕೋಟೆಯ ನಮ್ಮ ಅಂಗಡಿಯಲ್ಲಿ ವಾಹನಗಳಿಗೆ ವೈರ್‌ಲೆಸ್ ಸೆಟ್ಟು, ಆಂಟೆನಾ ಕೂರಿಸುತ್ತೇವೆ. ಕೆಟ್ಟರೆ ಇದ್ದಲ್ಲಿಗೇ ಹೋಗಿ ನೋಡುತ್ತೇವೆ. ಐಟಿಐ ಮುಗಿಸಿದಾಗಿನಿಂದ ನನ್ನದು ಇದೇ ಕೆಲಸ. ಅವತ್ತು ಕರೆ ಬಂದದ್ದು ಸೋಂಪುರದ ಒಂದು ಕಾರ್ಖಾನೆಯಿಂದ. ಬೆಂಕಿ ಆರಿಸುವ ತಮ್ಮ ಜೀಪಿಗೆ ಅವರು ಹೊಸ ಬಣ್ಣ ಹೊಡೆಸಿ, ಏಣಿ ಇಡಲು ಮೇಲೊಂದು ಕ್ಯಾರಿಯರ್ ಹಾಕಿಸಿದ್ದರು. ಅಲ್ಲಿಂದಾಚೆಗೆ ಜೀಪಿನಿಂದ ಮಾತಾಡಿದರೆ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಕೇಳಿಸುತ್ತಿರಲಿಲ್ಲ. ಅಂಗಡಿಯ ವ್ಯಾನ್ ತೆಗೆದುಕೊಂಡು ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ಹೋದೆ. ದಾರಿಯಲ್ಲಿ ಏನು ಕಂಡೆ ಎಂದು ಕೇಳಿದರೆ ಒಂದೂ ನೆನಪಿಲ್ಲ.

ಜೀಪಿನ ಡ್ರೈವರ್ ನನಗಿಂತ ಹಿರಿಯರು, ಮಾತಿನ ಮನುಷ್ಯ.

"ಅವ್ರ ಮಾತು ನಂಗೆ ಕೇಳ್ಸುತ್ತೆ, ನನ್ ಮಾತು ಅವ್ರಿಗೆ ಹೋಗಲ್ಲ ಕಣಮ್ಮ. ನಮ್ಮನೇಲೂ ಹಂಗೇ ಅನ್ನು," ಎಂದು ನಕ್ಕರು.

ನಗಬೇಕಾದ ಜಾಗ ಎಂದು ಗೊತ್ತಾಗಿ ನಾನೂ ನಕ್ಕೆ.

ಸೆಟ್ಟಿಗೂ ಆಂಟೆನಾ ಕೇಬಲ್ಲಿಗೂ ನಡುವೆ ಮೀಟರ್ ಸಿಕ್ಕಿಸಿದೆ. ಸೆಟ್ಟು ಕಳಿಸಿದ ಪವರ್‌ನಲ್ಲಿ ಎಷ್ಟು ಆಂಟೆನಾಗೆ ಹೋಗುತ್ತದೆ, ಎಷ್ಟು ವಾಪಸು ಬರುತ್ತದೆ ಎಂದು ಅದು ತೋರಿಸುತ್ತದೆ. ಡ್ರೈವರ್ ಮೈಕಿನ ಬಟನ್ ಒತ್ತಿದರು. ಹೆಚ್ಚುಕಡಿಮೆ ಎಲ್ಲವೂ ವಾಪಸು ಬರುತ್ತಿತ್ತು.

ಮೇಲೆ ಹತ್ತಿ ಆಂಟೆನಾ ಬಿಚ್ಚಿದೆ. ಅದರ ಬುಡ ಟಾಪಿನ ತಗಡಿಗೆ ನೇರವಾಗಿ ತಾಗಬೇಕು. ಬಣ್ಣದವರು ಅದನ್ನು ತೆಗೆದಿಟ್ಟು, ತೂತಿನ ಸುತ್ತಲೂ ಕೆಂಪು ಬಳಿದು, ಆ ಬಣ್ಣದ ಮೇಲೇ ಮತ್ತೆ ಕೂರಿಸಿದ್ದರು. ನಾನು ಮೊಣಕಾಲೂರಿ ಕೂತು ತಗಡು ಬೆಳ್ಳಗೆ ಕಾಣುವ ತನಕ ಉಪ್ಪುಕಾಗದದಿಂದ ಉಜ್ಜಿದೆ.

"ಬಿಸಿಲಿಗೆ ಕಾದೈತೆ, ಸುಡಲ್ವೇನಮ್ಮಾ?" ಎಂದು ಕೆಳಗಿನಿಂದ ಡ್ರೈವರ್ ಕೇಳಿದರು. ಕೇಳಿದ ಮೇಲೆ, ಹೌದು, ಸುಡುತ್ತಿದೆ ಎಂದು ಗೊತ್ತಾಯಿತು.

ಆಂಟೆನಾ ಕೂರಿಸಿದ ಮೇಲೆ ಮೀಟರಿನ ಮುಳ್ಳು ಸರಿಯಾದ ಜಾಗದಲ್ಲಿ ನಿಂತಿತು. ಆದರೆ ಜೀಪನ್ನು ಒಂದು ಸುತ್ತು ಓಡಿಸಿ ನೋಡಿದಾಗ, ಹಂಪು ಹತ್ತಿ ಇಳಿದಲ್ಲೆಲ್ಲ ಮಾತು ಕತ್ತರಿಸಿತು. ಅಂದರೆ ಕೇಬಲ್ಲಿನಲ್ಲೂ ಏನೋ ಇತ್ತು. ಟಾಪಿನ ಒಳಗಿನ ಲೈನಿಂಗ್ ಬಿಚ್ಚಿ, ಮುಳ್ಳು ಎಗರಿದರೆ ಹೇಳಿ ಎಂದು ಮೀಟರನ್ನು ಡ್ರೈವರಿಗೆ ಒಪ್ಪಿಸಿ, ಕೇಬಲ್ಲನ್ನು ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಾ ಬಂದೆ.

"ಹಾ, ಅಲ್ಲೇ! ಅಲ್ಲೇ ಎಗರ್ತು!"

ಕ್ಯಾರಿಯರಿನ ಸ್ಕ್ರೂ ಒಂದು ಉದ್ದವಾಗಿ ಒಳಗಿಳಿದು ಕೇಬಲ್ಲಿನ ಪಕ್ಕೆಗೆ ಚುಚ್ಚಿಕೊಂಡಿತ್ತು. ಜೀಪು ಕುಲುಕಿದಾಗಲೆಲ್ಲ ಹೊರಗಿನ ಜಾಲರಿ ಒಳಗಿನ ತಂತಿಗೆ ತಾಗುತ್ತಿತ್ತು. ಗಿಡ್ಡ ಸ್ಕ್ರೂ ಹಾಕಿ, ಹೊಸ ಕೇಬಲ್ ಎಳೆದೆ. ಕೈ ತಾನಾಗಿ ಮಾಡುತ್ತಿತ್ತು. ಇಂಥ ತಪ್ಪು ಸಿಕ್ಕಿದ ದಿನ ನಾನು ಓನರಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಳ್ಳುವವಳು. ಅವತ್ತು ಸುಮ್ಮನೆ ಲೈನಿಂಗ್ ಮುಚ್ಚಿದೆ.

ಮೈಕನ್ನು ನಾನೇ ತೆಗೆದುಕೊಂಡೆ.

"ಕಂಟ್ರೋಲ್, ಜೀಪಿಂದ ಟೆಸ್ಟ್ ಮಾಡ್ತಿದೀನಿ. ಕೇಳ್ಸ್ತಾ ಇದ್ಯಾ ಸಾರ್?"

"ಪಕ್ಕದಲ್ಲೇ ಕೂತ್ಕೊಂಡು ಮಾತಾಡ್ದಂಗಿದೆ ಮೇಡಂ."

ಕಂಟ್ರೋಲ್ ರೂಮಿನ ಆ ದನಿ ನನಗೆ ವರ್ಷಗಳಿಂದ ಗೊತ್ತು, ಮುಖ ನೋಡಿರಲಿಲ್ಲ. ಅದೇ ದನಿ ಮತ್ತೆ ಬಂತು.

"ನಿಮ್ಮಕ್ಕ ಹೋಗ್ಬಿಟ್ರಂತೆ. ನಿಮ್ ಓನರ್ ಹೇಳಿದ್ರು. ತುಂಬಾ ಬೇಜಾರಾಯ್ತು ಕಣಮ್ಮ."

ಗೇಟಿನವರು, ಗೋಡೌನಿನವರು, ಎಲ್ಲರ ಸೆಟ್ಟೂ ಅದೇ ಚಾನಲ್ಲಿನಲ್ಲಿತ್ತು. ಎಲ್ಲರಿಗೂ ಕೇಳಿಸಿತು. ಪಕ್ಕದಲ್ಲಿದ್ದ ಡ್ರೈವರ್ ತಲೆ ತಗ್ಗಿಸಿದರು. ನಾನು ಬಟನ್ ಒತ್ತಿದೆ. ಮುಳ್ಳು ಅಲುಗದೆ ನಿಂತಿತ್ತು.

"ಹೂಂ ಸಾರ್. ಮಾತು ಎಲ್ಲಾದ್ರೂ ಕಟ್ ಆಗ್ತಾ ಇದ್ಯಾ?"

"ಇಲ್ಲಮ್ಮ. ಕ್ಲಿಯರಾಗಿದೆ."

"ಸರಿ ಸಾರ್."

ಅವರ ಕಡೆಯ ಸೆಟ್ಟನ್ನೂ ಒಮ್ಮೆ ನೋಡಬೇಕಿತ್ತು. ಸಾಮಾನು ವ್ಯಾನಿಗೆ ಹಾಕಿ ಕಂಟ್ರೋಲ್ ರೂಮಿನ ಮಹಡಿ ಹತ್ತಿದೆ. ದನಿ ಕೇಳಿ ದಪ್ಪನೆಯ ಆಳು ಎಂದುಕೊಂಡಿದ್ದೆ. ಇದ್ದವರು ಒಬ್ಬ ಸಣಕಲು ಮನುಷ್ಯ, ಫ್ಯಾನ್ ಕೆಳಗೂ ಸ್ವೆಟರ್ ಹಾಕಿದ್ದರು. ಎದ್ದು ನಿಂತು ತಮ್ಮ ಕುರ್ಚಿಯನ್ನೇ ನನ್ನ ಕಡೆ ತಳ್ಳಿದರು.

"ಎಲ್ರಿಗೂ ಕೇಳ್ಸುತ್ತೆ ಅನ್ನೋದು ಮರ್ತೇ ಹೋಯ್ತಮ್ಮ. ತಪ್ಪಾಯ್ತು."

"ಪರ್ವಾಗಿಲ್ಲ ಬಿಡಿ ಸಾರ್."

"ಏನಾಗಿತ್ತು ಅವ್ರಿಗೆ?"

ಅಷ್ಟು ದಿನದಲ್ಲಿ ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಭಾವನ ಮನೆಗೆ ಬಂದವರೆಲ್ಲ ಕೇಳಿದ್ದು ಭಾವನನ್ನು. ನಾನು ಮೊದಲಿಂದ ಹೇಳಿದೆ. ಸುಸ್ತು ಅಂದದ್ದು, ಕಣ್ಣು ಹಳದಿಯಾದದ್ದು, ಹಳ್ಳಿ ಔಷಧಿ, ಆಮೇಲೆ ಬೆಂಗಳೂರಿನ ಆಸ್ಪತ್ರೆ. ನಡುವೆ ಗೇಟಿನಿಂದ ಲಾರಿ ಬಂತೆಂದು ಸೆಟ್ಟು ಕರೆಯಿತು. ಅವರು "ಒಳಗೆ ಬಿಡಿ" ಎಂದು ಮೈಕ್ ಕೆಳಗಿಟ್ಟು, ನನ್ನ ಕಡೆ ತಿರುಗಿ, "ಆಮೇಲೆ?" ಅಂದರು. ಮತ್ತೆ ಯಾರೋ ಕರೆದರು. ಉತ್ತರ ಕೊಟ್ಟು, "ಹೂಂ, ಆಮೇಲೆ?" ಅಂದರು. ಹಾಗೆ ಕೊನೆಯ ತನಕ ಹೇಳಿಸಿಕೊಂಡರು. ಸಮಾಧಾನದ ಮಾತು ಒಂದೂ ಆಡಲಿಲ್ಲ.

ಹೇಳಿದ ಮೇಲೆ ಮನಸ್ಸು ಹಗುರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಳಗೆ ಮೊದಲಿನ ಹಾಗೇ ಮರಗಟ್ಟಿತ್ತು. ಅವರ ಸೆಟ್ಟು ನೋಡಿ, ಸರಿಯಿದೆ ಎಂದು ಹೇಳಿ ಹೊರಟೆ.

ದೊಡ್ಡಬಳ್ಳಾಪುರ ದಾಟಿದ ಮೇಲೆ ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿ ಭಾವನಿಗೆ ಫೋನ್ ಮಾಡಿದೆ.

"ಊಟ ಆಯ್ತಾ ಭಾವ?"

"ಆಯ್ತಮ್ಮ. ಪಾಪು ಜಡೆ ಹಾಕಿಸ್ಕೊಳ್ಳೋಕೆ ಯಾರ ಹತ್ರಾನೂ ಕೂರ್ತಿಲ್ಲ," ಅಂದರು.

"ಹೊರಟಿದೀನಿ. ಹಂಗೇ ನಿಮ್ಮನೆಗೆ ಬರ್ತೀನಿ," ಅಂದೆ.