ಮಾರಿಹೋದವರೂ ಅದೇ ಕಾಲದವರು

ಮೊನ್ನೆ ಚಳಿ ಶುರುವಾಯಿತೆಂದು ಕ್ಲಾಸೆಟ್ಟಿನಿಂದ ಕೋಟು ತೆಗೆದರೆ ಘಮ್ಮೆಂದು ಇಂಗಿನ ಒಗ್ಗರಣೆ! ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಿಟಕಿ ತೆರೆಯಲಾಗದ ಚಳಿಯಲ್ಲಿ ನಾವು ಸಾರು ಕುದಿಸುತ್ತೇವೆ, ಕೋಟುಗಳು ಅದನ್ನು ಕುಡಿಯುತ್ತವೆ. ನನಗೆ ಸುಮಕ್ಕ ನೆನಪಾದಳು.

ಸುಮಕ್ಕ ನನ್ನ ಒಡಹುಟ್ಟಿದ ಅಕ್ಕ. ಮದುವೆಗೆ ಮುಂಚೆ ನಾನು ಅವಳ ಮನೆಯಲ್ಲೇ ಇದ್ದೆ. ಮಕ್ಕಳನ್ನು ಸ್ಕೂಲ್ ಬಸ್ಸು ಹತ್ತಿಸಿ, ಟ್ರೇನಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡಿ ಪಿಎಚ್.ಡಿ. ಓದುತ್ತಿದ್ದಳು. ನಿಸರ್ಗನಿಯಮವನ್ನು ನಂಬಿದ ಹಳೆಯ ಯೂರೋಪಿನ ಪಂಡಿತರು ಮನುಷ್ಯನ ಹಕ್ಕಿಗೆ ಎಲ್ಲಿ ಗೆರೆ ಎಳೆದರು ಎಂಬುದು ಅವಳ ವಿಷಯ. ಕೋಡ್ ಬರೆದು ಬದುಕುವ ನನಗೆ ತಲೆಬುಡ ತಿಳಿಯದು. ಒಮ್ಮೆ ಪಲ್ಯ ಬಾಡಿಸುತ್ತಾ ಹೇಳಿದಳು:

"ಹುಟ್ಟುತ್ತಾ ಎಲ್ಲರೂ ಸ್ವತಂತ್ರರು ಅಂದ್ರು ಕಣೇ. ಸ್ವಾತಂತ್ರ್ಯ ನಿನ್ನ ಸ್ವತ್ತು ಅಂದ್ರು. ಸ್ವತ್ತು ಅಂದ್ಮೇಲೆ ಮಾರಬಹುದಲ್ಲ? ಹಸಿದವನು ತನ್ನನ್ನೇ ಮಾರ್ಕೊಂಡ್ರೆ ತಪ್ಪಿಲ್ಲ, ಯುದ್ಧದಲ್ಲಿ ಸೆರೆಸಿಕ್ಕವನು ಗುಲಾಮನಾದ್ರೂ ತಪ್ಪಿಲ್ಲ ಅಂತ ಅವರಲ್ಲೇ ಎಷ್ಟೋ ಜನ ಬರೆದ್ರು."

"ಕೊಟ್ಟ ಕೈಯಲ್ಲೇ ಕಿತ್ಕೊಂಡ್ರು ಅನ್ನು," ಎಂದೆ.

ಪಿಎಚ್.ಡಿ. ಪ್ರಬಂಧ ಸಮರ್ಥಿಸುವ ದಿನ ಪ್ರಶ್ನೆ ಕೇಳುವ ಪರೀಕ್ಷಕರಿಗೆ ತಿಂಡಿ ಒಯ್ಯುವುದು ಅವಳ ವಿಭಾಗದ ರೂಢಿ. ಕೋಟಿಗೆ ವಾಸನೆ ಹತ್ತಬಾರದೆಂದು ಅಕ್ಕ ಅದನ್ನು ಹಿಂದಿನ ದಿನವೇ ಕಾರಿನ ಟ್ರಂಕಿನಲ್ಲಿ ಇಟ್ಟಿದ್ದಳು. ಜಾಣೆಯಾದ ನಾನು ಪುಳಿಯೋಗರೆಯ ಡಬ್ಬಿಯನ್ನೂ ಅದರ ಮೇಲೇ ಇಟ್ಟೆ. ಅವಳು ನೋಡಿದ ನೋಟಕ್ಕೆ ನಾನು ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ.

ಕೋಣೆಯೊಳಗೆ ಪರೀಕ್ಷಕರ ನಡುವೆ ಒಬ್ಬ ಹಿರಿಯ ಪ್ರೊಫೆಸರ್ ಇದ್ದರು. ಮೊದಲೊಮ್ಮೆ ಪ್ರಬಂಧವನ್ನು ತಿರುಗಿ ಕಳಿಸಿದವರು ಅವರೇ. ಈ ಸಲವೂ ಒಪ್ಪದಿದ್ದರೆ ಅಕ್ಕನ ಇಷ್ಟು ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವರು ಕೇಳಿದರು: "ಆ ಪಂಡಿತರು ತಮ್ಮ ಕಾಲದ ಮನುಷ್ಯರು. ಅವರನ್ನು ಇಂದಿನ ಅಳತೆಯಲ್ಲಿ ಅಳೆಯುವುದು ಅನ್ಯಾಯವಲ್ಲವೇ?"

ಅಕ್ಕ ಒಂದು ಗುಟುಕು ನೀರು ಕುಡಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲೇ ನೆನಪು: "ಮಾರಿಹೋದವರೂ ಅದೇ ಕಾಲದವರೇ ಸರ್. ಅವರನ್ನು ಯಾರೂ ಕೇಳಲಿಲ್ಲ."

ಪ್ರೊಫೆಸರ್ ಪೆನ್ನು ಕೆಳಗಿಟ್ಟರು. ಆಮೇಲೆ ತಲೆದೂಗಿದರು. ನನ್ನ ಎದೆ ಉಬ್ಬಿಹೋಯಿತು. ಹಿಂದಿನ ಸಾಲಿನಲ್ಲಿ ಕೂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಲ್ಲಿ ಹಾಗೆ ತಟ್ಟಬಾರದಂತೆ, ಯಾರಿಗೆ ಗೊತ್ತು!

ಮೊನ್ನೆ ಇದನ್ನೆಲ್ಲ ಮೆಲುಕು ಹಾಕುತ್ತಲೇ ಆಫೀಸಿಗೆ ಹೋದೆ. ಮೀಟಿಂಗಿನಲ್ಲಿ ಮ್ಯಾನೇಜರ್, ತಿಂಗಳಿಡೀ ವೀಕೆಂಡ್ ಕೆಲಸಕ್ಕೆ ಎಲ್ಲರೂ ಒಪ್ಪಿದ್ದಾರೆ ಎಂದ. ಕೆಲಸ ಹೋದರೆ ದೇಶವನ್ನೇ ಬಿಡಬೇಕಾದ, ವೀಸಾದ ಮೇಲೆ ಬಂದ ಹೊಸಬರು ಒಂದು ಸಾಲಿನಲ್ಲಿ ಕೂತು ತಲೆ ತಗ್ಗಿಸಿದ್ದರು. ಮೀಟಿಂಗುಗಳಲ್ಲಿ ಕೆಮ್ಮಲೂ ಹಿಂಜರಿಯುವ ನಾನು ಕೇಳಿಯೇ ಬಿಟ್ಟೆ: "ಅವರನ್ನು ಕೇಳಿದಿರಾ?"

ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಆಮೇಲೆ ಆ ಸಾಲಿನತ್ತ ತಿರುಗಿ ಒಬ್ಬೊಬ್ಬರನ್ನೇ ಕೇಳತೊಡಗಿದ. ಸಾಲಿನ ಮೊದಲಿಗೆ ಕೂತಿದ್ದ ಹುಡುಗಿ ತಲೆಯೆತ್ತಿ, ಮೆಲ್ಲಗೆ, "ನೋ" ಅಂದಳು.