ಕಳಸ ಹಿಡಿದವಳ ಸಾಕ್ಷಿ

ತರಗತಿ ನಡೆಯುತ್ತಿದ್ದದ್ದು ಪಾಂಡವಪುರದಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ. ಗೊಬ್ಬರದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು ಎಂದು ಬರೆಯಲು ಹೊರಟವಳು ನಿಲ್ಲಿಸಿದೆ. ಕೆಳಗಿದ್ದದ್ದು ಗೊಬ್ಬರದ ಅಂಗಡಿಯೋ, ಸೈಕಲ್ ಅಂಗಡಿಯೋ? ನೆನಪು ಒಂದು ಚಂದದ ವಾಸನೆಗಾಗಿ ಅಂಗಡಿಯನ್ನೇ ಬದಲಿಸಿಬಿಡುತ್ತದೆ. ಕೋಣೆಯಂತೂ ಇತ್ತು. ಶನಿವಾರ, ಭಾನುವಾರ ನಾವು ಅಲ್ಲಿ ಚಾಪೆ ಹಾಸಿ ಕೂರುತ್ತಿದ್ದೆವು. ನಾನು ಶ್ರೀರಂಗಪಟ್ಟಣದಿಂದ ಬರುತ್ತಿದ್ದೆ. ಉಳಿದವರು ಹೆಚ್ಚಾಗಿ ಕೆ.ಆರ್. ಪೇಟೆ, ನಾಗಮಂಗಲದ ಕಡೆಯವರು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಹಳ್ಳಿಯವರಿಗೆ ಠಾಣೆ, ಕೋರ್ಟು, ತಾಲ್ಲೂಕು ಕಚೇರಿಯ ದಾರಿ ತೋರಿಸುವವರನ್ನು ತಯಾರು ಮಾಡುವ ತರಬೇತಿ ಅದು. ನಮ್ಮನ್ನು ಪ್ಯಾರಾಲೀಗಲ್ ಎಂದು ಕರೆಯಬೇಕಿತ್ತು. ಊರಿನ ನಾಲಿಗೆಗೆ ಅದು ಹೊರಳಲಿಲ್ಲ. ಬಸ್ಸಿನಲ್ಲಿ ಪರಿಚಯದವರೊಬ್ಬರು, "ಏನ್ ಅರ್ಧ ಲಾಯರಮ್ಮ, ಅರ್ಧ ಕೋಟು ಒಲಿಸ್ಕೊಂಡ್ಯಾ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಪಾಠ ಹೇಳುತ್ತಿದ್ದವರು ನಡುವಯಸ್ಸಿನ ವಕೀಲಮ್ಮ. ದೂರು ಬರೆಯುವುದು, ಜೀವನಾಂಶದ ಅರ್ಜಿ ಹಾಕುವುದು, ಇವೆಲ್ಲಕ್ಕೂ ಮೊದಲು ಅವರು ಕಲಿಸಿದ್ದು ಒಂದು ಅಭ್ಯಾಸ. ಯಾರು ಏನೇ ಹೇಳಿದರೂ ಕಂಡದ್ದು, ಕೇಳಿದ್ದು, ಅಂದುಕೊಂಡದ್ದು ಎಂದು ಮೂರು ಭಾಗ ಮಾಡಬೇಕು. "ಹೇಳೋರ ಬಾಯಿಗೆ ನಿಮ್ಮ ಮಾತು ತುರುಕಬೇಡಿ. ಅದು ಕೇಸು ಗೆಲ್ಲಿಸೋ ಮಾತಾದ್ರೂ ಬೇಡ." ಹಾಗೆ ಬರೆಯುತ್ತ ಹೋದರೆ ನಮಗೆಲ್ಲ ಮೊದಲ ಭಾಗ ಖಾಲಿ, ಮೂರನೆಯದು ತುಂಬಿ ತುಳುಕುತ್ತಿತ್ತು. ಈ ಬರಹವನ್ನು ಆ ಪರೀಕ್ಷೆಗೆ ಒಡ್ಡಿದರೆ ಎಷ್ಟು ಉಳಿದೀತೋ ನನಗೆ ಗೊತ್ತಿಲ್ಲ. ಆದರೆ ಮುಂದಿನದನ್ನು ಹೇಳಲೇಬೇಕು.

ತರಬೇತಿಯ ಕೊನೆಯ ಭಾಗದಲ್ಲಿ ಇಬ್ಬಿಬ್ಬರಿಗೆ ಒಂದೊಂದು ನಿಜವಾದ ಕೇಸು ಕೊಟ್ಟರು. ನನ್ನ ಜೊತೆಗಾರರು ಕೆ.ಆರ್. ಪೇಟೆ ಕಡೆಯ ಹಳ್ಳಿಯೊಂದರ ಹಾಲಿನ ಡೈರಿಯ ಕಾರ್ಯದರ್ಶಿ. ನನಗಿಂತ ಬಹಳ ದೊಡ್ಡವರು. ನಾನು ಕಾರ್ಯದರ್ಶಿಯಣ್ಣ ಎನ್ನುತ್ತಿದ್ದೆ. ನಮಗೆ ಸಿಕ್ಕವಳು ದೇವಲಾಪುರದ ಹತ್ತಿರದ ಒಬ್ಬ ಹೆಂಗಸು. ಗಂಡ ಅವಳನ್ನು ಮನೆಯಿಂದ ಕಳಿಸಿದ್ದ. ಜೀವನಾಂಶ ಕೇಳಿ ಅವಳು ನಾಗಮಂಗಲದ ಕೋರ್ಟಿಗೆ ಹೋದಾಗ ಅವನು, ಇವಳು ನನ್ನ ಹೆಂಡತಿಯೇ ಅಲ್ಲ, ಮದುವೆಯೇ ಆಗಿಲ್ಲ ಎಂದುಬಿಟ್ಟಿದ್ದ.

"ದುಡ್ಡು ಆಮ್ಯಾಕೆ ಕಣಮ್ಮ," ಎಂದಳು ಅವಳು ಚಾಪೆಯ ಅಂಚಿನಲ್ಲಿ ಕೂತು. "ನನ್ನ ಇಟ್ಕೊಂಡಿದ್ದೋಳು ಅಂದವ್ನೆ. ಕೋರ್ಟ್ನಾಗೆ, ಎಲ್ರ ಮುಂದೆ. ಮದ್ಲು ಅದ ಅಳಿಸ್ಬೇಕು."

ಫೋಟೋಗಳು ಗಂಡನ ಮನೆಯಲ್ಲಿದ್ದವು, ಅಂದರೆ ಇರಲಿಲ್ಲ. ಧಾರೆ ಎರೆದ ಸೋದರಮಾವ ತೀರಿಕೊಂಡಿದ್ದ. ತಾಯಿ ವಿಧವೆ. ಮಂಟಪದ ಹತ್ತಿರ ಬರಬಾರದೆಂದು ಮಗಳ ಮದುವೆಯ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೂತಿದ್ದವಳು. ಪುರೋಹಿತರು ಮುಹೂರ್ತದ ದಿನಗಳಲ್ಲಿ ಊರೂರು ತಿರುಗುವವರು, ಅವರಿಗೆ ಮುಖ ನೆನಪಿರಲಿಲ್ಲ. ವಕೀಲಮ್ಮ ಹೇಳಿದರು: "ಜೊತೇಲಿ ಬಾಳಿದ್ರು ಅಂತ ಹೇಳೋಕೆ ಊರೇ ಇದೆ. ಅದನ್ನ ಅವನೂ ಒಪ್ತಾನೆ. ತಾಳಿ ಕಟ್ಲಿಲ್ಲ ಅಂತಾನೆ. ಕಟ್ಟಿದ್ದನ್ನ ಕಂಡವರು ಬೇಕು."

ಅದೇನು ಕಷ್ಟ ಎಂದುಕೊಂಡೆವು. ಮದುವೆ ನಡೆದದ್ದು ಗಂಡಿನ ಊರಿನಲ್ಲಾದರೂ ಅವಳ ಊರಿನವರೆಲ್ಲ ಲಾರಿ ಮಾಡಿಕೊಂಡು ಹೋಗಿದ್ದರು.

"ಮದುವೆ ನೋಡಿದ್ರಾ ಅಜ್ಜ?" ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರನ್ನು ಕೇಳಿದೆ.

"ನೋಡ್ದೆ ಇರ್ತೀನಾ? ಮಳೇಲಿ ಲಾರೀಲಿ ನಿಂತ್ಕೊಂಡೋಗಿದೀನಿ."

"ತಾಳಿ ಕಟ್ಟಿದ್ದು?"

"ಕಟ್ದ. ಕಟ್ದೆ ಇದ್ರೆ ಊಟ ಯಾಕಾಕ್ತಿದ್ರು?"

"ಕಣ್ಣಾರೆ ನೋಡಿದ್ರಾ ಅಂತ."

ಅಜ್ಜ ಯೋಚನೆಗೆ ಬಿದ್ದರು. "ಗಟ್ಟಿಮೇಳ ಕೇಳುಸ್ತು. ನಾನಾಗ ಎಲೆ ಮುಂದೆ ಕುಂತಿದ್ದೆ. ಮದ್ಲ್ನೇ ಪಂಕ್ತಿ ಬುಟ್ರೆ ಪಾಯ್ಸ ತಳ ಇಡಿತದೆ ಕಣವ್ವ."

ಮನೆ ಮನೆಗೂ ಹೋದೆವು. ಎಲ್ಲರೂ ಮದುವೆ ನೋಡಿದ್ದರು, ಯಾರೂ ತಾಳಿ ಕಟ್ಟಿದ್ದನ್ನು ನೋಡಿರಲಿಲ್ಲ. ಲಾರಿ ತಡವಾಗಿತ್ತು, ಎಲೆ ಹಾಕಿಬಿಟ್ಟಿದ್ದರು, ಮಂಟಪದ ಸುತ್ತ ಜನವೋ ಜನ. ಒಬ್ಬಳು ಲಾಡುವಿನಲ್ಲಿದ್ದ ದ್ರಾಕ್ಷಿಯನ್ನು ಕೂಡ ನೆನಪಿಟ್ಟುಕೊಂಡಿದ್ದಳು. "ಊರಿಗೂರೇ ಉಂಡವ್ರೆ, ಒಬ್ರೂ ತಲೆ ಎತ್ಲಿಲ್ಲ," ಎಂದು ಕಾರ್ಯದರ್ಶಿಯಣ್ಣ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಸಿದು ಕೂತರು. "ನಾವೂ ಅಷ್ಟೇಯಾ. ನನ್ ತಂಗಿ ಮದ್ವೇಲಿ ನಾನು ಬಡಿಸ್ತಿದ್ದೆ."

ಹಾಗಾದರೆ ಊಟಕ್ಕೆ ಏಳಲಾಗದೆ ಮಂಟಪದಲ್ಲೇ ನಿಂತಿರುವವರು ಯಾರು? ಈ ಪ್ರಶ್ನೆ ಕೇಳಿದ್ದು ನಾನೇ ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಕಾರ್ಯದರ್ಶಿಯಣ್ಣ ಅದು ತನ್ನ ಪ್ರಶ್ನೆ ಎನ್ನುತ್ತಿದ್ದರು. ಯಾರೋ ಒಬ್ಬರು ಕೇಳಿದೆವು. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನ ಪಕ್ಕದಲ್ಲಿ ಕಳಸ ಹಿಡಿದು ಒಬ್ಬಳು ನಿಲ್ಲುತ್ತಾಳೆ, ಕಳಸಗಿತ್ತಿ. ಅವಳು ಕದಲುವಂತಿಲ್ಲ. ಸಾಮಾನ್ಯವಾಗಿ ಗಂಡಿನ ಅಕ್ಕನೋ ತಂಗಿಯೋ ಆಗಿರುತ್ತಾಳೆ.

"ನಿಮ್ಮ ಕಳಸಗಿತ್ತಿ ಯಾರಾಗಿದ್ರು?"

ಆ ಹೆಂಗಸು ಹೇಳಿದಳು: "ಅವ್ರಕ್ಕ. ಅರಕೆರೆಗೆ ಕೊಟ್ಟವ್ರೆ. ನಂಗೋಸ್ಕರ ಒಡಹುಟ್ಟಿದೋನ್ಮೇಲೆ ಯೋಳ್ತಾರಾ? ಬುಡಿ ಅತ್ಲಾಗೆ."

ನಾವು ಬಿಡಲಿಲ್ಲ. ಹೊರಡುವ ಮೊದಲು ವಕೀಲಮ್ಮ ಎಚ್ಚರಿಸಿದರು: ಸಮನ್ಸ್ ಮಾಡಿಸಿ ಎಳೆದು ತಂದರೆ ಸಾಕ್ಷಿ ತಿರುಗಿಬೀಳಬಹುದು, ಆಕೆಯಾಗಿ ಬಂದರೆ ಬರಲಿ, ಪುಸಲಾಯಿಸಬೇಡಿ, ಏನಾದರೂ ಕೊಡುತ್ತೇವೆ ಎನ್ನಬೇಡಿ.

ಅರಕೆರೆಯಲ್ಲಿ ಆ ಅಕ್ಕ ಎಮ್ಮೆಗೆ ಬೂಸಾ ಕಲೆಸುತ್ತಿದ್ದಳು. ಮೊಣಕೈವರೆಗೂ ಬೂಸಾ. ನಾವು ಯಾರು, ಯಾಕೆ ಬಂದೆವು ಎಂದು ಹೇಳಿ ಮುಗಿಸುವವರೆಗೂ ಕಲೆಸುವುದನ್ನು ನಿಲ್ಲಿಸಲಿಲ್ಲ.

"ತಾಳಿ ಕಟ್ಟಿದ್ದನ್ನ ನೀವು ನೋಡಿದ್ರಾ?" ಎಂದು ಕೇಳಿದೆ.

"ಕಳಸ ಇಡ್ಕೊಂಡೋಳು ನೋಡ್ದೆ ಇನ್ನೇನ್ ಮಾಡ್ಲಿ? ನನ್ ತಮ್ಮುನ್ ಕೈ ಗಡಗಡ ನಡುಗ್ತಿತ್ತು. ಎಲ್ಡು ಗಂಟಾಕ್ದ, ಮೂರ್ನೇದು ಬೀಳ್ಲೇ ಇಲ್ಲ. ನಾನೇ ಗಂಟಾಕ್ದೆ."

ಕಾರ್ಯದರ್ಶಿಯಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಇದ್ನೇ ಕೋರ್ಟ್ನಾಗೆ ಯೋಳು ಅಂತೀರಾ?"

"ನಾನು ಹಾಗನ್ನೋ ಹಾಗಿಲ್ಲಕ್ಕ. ಬರೋದು ನಿಮ್ಮಿಷ್ಟ. ಬಂದ್ರೆ ಕಂಡಿದ್ದನ್ನ ಹೇಳಬೇಕು, ಅಷ್ಟೇ."

"ಗೌರಿ ಹಬ್ಬಕ್ಕೆ ಅರಿಸ್ನ ಕುಂಕ್ಮ ತರೋನು ಅವ್ನೊಬ್ನೇಯಾ ನಂಗೆ. ತೌರ ಬಾಗ್ಲು ಮುಚ್ಕಂಡ್ರೆ ನೀವ್ ಬಂದು ತೆಗಿತೀರಾ?"

"ನಾನ್ ತಂದ್ಕೊಡ್ತೀನಿ ತಕ್ಕಳವ್ವ," ಎಂದುಬಿಟ್ಟರು ಕಾರ್ಯದರ್ಶಿಯಣ್ಣ. ನಾನು ಅವರ ಕಾಲು ತುಳಿದೆ.

"ನೀನ್ಯಾವ್ ಸೀಮೆಯಪ್ಪ?"

"ಕೆ.ಆರ್. ಪ್ಯಾಟೆ ಕಡೆಯೋನು."

"ಅಲ್ಲಿಂದ ಬರೋಷ್ಟೊತ್ಗೆ ಅರಿಸ್ನ ಬೆಳ್ಳಗಾಗೋಗಿರ್ತದೆ," ಎಂದಳು. ನಗಲಿಲ್ಲ. ನಮಗೆ ಕಾಫಿ ಕೊಟ್ಟಳು. ಉತ್ತರ ಕೊಡಲಿಲ್ಲ.

ಎರಡು ಸಲ ವಾಯಿದೆ ಬಿತ್ತು. ಎರಡು ಸಲವೂ ನಾನು ನಾಗಮಂಗಲದ ಕೋರ್ಟಿನ ಜಗುಲಿಯಲ್ಲಿ ನಿಂತು ಬಸ್ಸುಗಳ ಕಡೆ ನೋಡಿದೆ, ಅವಳು ಬರಲಿಲ್ಲ. ಮತ್ತೊಂದು ಸಲ ಬಂದಳು, ಒಬ್ಬಳೇ. ಹಸಿರು ಸೀರೆ ಎಂದು ನನ್ನ ನೆನಪು, ಸೀರೆಯ ಬಣ್ಣವನ್ನು ನಂಬಬೇಡಿ. ಜಗುಲಿಯ ಕಂಬಕ್ಕೆ ಒರಗಿ ಅವಳ ತಮ್ಮ ನಿಂತಿದ್ದ.

"ಅಕ್ಕ, ನೀನ್ಯಾಕೆ ಬಂದೆ?"

"ತಡಿಯಪ್ಪ, ಬತ್ತೀನಿ," ಎಂದು ಅವನ ಭುಜ ಮುಟ್ಟಿ ಒಳಗೆ ಹೋದಳು.

ಇಷ್ಟನ್ನು ನಾನು ಕಂಡೆ. ಒಳಗೆ ನಡೆದದ್ದನ್ನು ಕಾಣಲಿಲ್ಲ, ಬಾಗಿಲ ತುಂಬ ಜನ. ತಮ್ಮನ ಮೇಲೆ ದ್ವೇಷವಿದೆಯೇ ಎಂದು ಅವನ ಕಡೆಯ ವಕೀಲರು ಕೇಳಿದರಂತೆ. "ಎತ್ತಾಡ್ಸಿದೋಳು ನಾನು, ಯಾವ್ ದ್ವೇಸ," ಎಂದಳಂತೆ. ಅವಳು ಯಾಕೆ ಬಂದಳು? ಇಷ್ಟು ವರ್ಷಗಳಲ್ಲಿ ನಾನು ಮೂರು ಕಾರಣ ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ. ಅವಳನ್ನೇ ಕೇಳಬಹುದಿತ್ತು. ಹೊರಗೆ ಬಂದವಳು ನೀರು ಕುಡಿದು ಹಾಲು ಕರೆಯುವ ಹೊತ್ತಾಯಿತೆಂದು ಬಸ್ಸು ಹತ್ತಿದಳು.

ಆದೇಶ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ನಮ್ಮ ತರಬೇತಿಯೂ ಮುಗಿದಿತ್ತು. ವಕೀಲಮ್ಮ ಕೋರ್ಟಿನ ಹೊರಗಿನ ಮರದ ಕೆಳಗೆ ನಿಂತು ಆ ಹೆಂಗಸಿಗೆ ಆದೇಶವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಜೀವನಾಂಶದ ಭಾಗ ಬಂದಾಗ ಅವಳು ತಲೆ ಆಡಿಸಿದಳು, ಅಷ್ಟೇ.

"ಇಟ್ಕೊಂಡೋಳು ಅಂತ ಎಲ್ಲಾದ್ರೂ ಬರ್ದದಾ?"

"ಇಲ್ಲಮ್ಮ. ಕಾನೂನು ಪ್ರಕಾರ ಮದುವೆಯಾದ ಹೆಂಡತಿ ಅಂತ ಇದೆ."

"ಅದ ಇನ್ನೊಂದ್ಸಲ ಓದಿ."

ವಕೀಲಮ್ಮ ಓದಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ನಮ್ಮೂರ ಡೈರಿ ತಾವ ಎಲ್ಲಾ ಹಾಲಾಕಕ್ಕೆ ಬಂದಿರ್ತಾರೆ. ಅಲ್ಲಿ ಬಂದು ಓದ್ತೀಯಾ? ಅದೊಂದ್ ಸಾಲು ಸಾಕು."

"ಎಷ್ಟೊತ್ತಿಗೆ ಬರಲಿ?"

"ಬಿಸ್ಲೇರೋಕ್ಮುಂಚೆ ಬಾ. ಆಮ್ಯಾಕೆ ಎಲ್ರೂ ಗದ್ದೆ ಒಲ ಅಂತ ಒಂಟೋಯ್ತಾರೆ."

ಆ ರಾತ್ರಿ ನಾನು ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಅವಳ ಜೊತೆಯಲ್ಲೇ ದೇವಲಾಪುರದ ಬಸ್ಸು ಹತ್ತಿದೆ.