ಕೆರೆಯಾಕೆಗೆ ಅಳು ಕೊಡದ ಹುಚ್ಚವ್ವ

ನಮ್ಮ ಮಮದಾಪುರದ ಹುಚ್ಚವ್ವನಂಥ ಮೊಂಡು ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕುರಿ ಕಾಯುವ ಮನೆತನ, ಕಡ್ಡಿ ಮುರಿದಂತೆ ಮಾತು. ಆಗ ಊರಲ್ಲೊಂದು ಪದ್ಧತಿಯಿತ್ತು. ಮನೆಯಲ್ಲಿ ಸಾವಾದರೆ ಹೆಂಗಸರು ಕೆರೆಯ ಮೆಟ್ಟಿಲ ಮೇಲೆ ಕೂತು, ಸತ್ತವರ ಹೆಸರು ಹಿಡಿದು ಹಾಡಿಕೊಂಡು ಅಳಬೇಕು. ನೀರೊಳಗಿನ ಕೆರೆಯಾಕೆ ಆ ಅಳುವನ್ನು ಉಣ್ಣುತ್ತಾಳೆ. ಅಲ್ಲಿಗೆ ತಂದುಕೊಟ್ಟರಷ್ಟೇ ಆಕೆಗೆ ಊಟ, ಕೊಟ್ಟವರ ಎದೆ ಹಗುರ.

ಹಗುರಾಗುವುದೇನೋ ನಿಜ. ಹುಚ್ಚವ್ವನ ಮೈದುನನ ಹೆಂಡತಿ ಸಕ್ರವ್ವ ಮಗ ಯಲಗೂರಪ್ಪನನ್ನು ಮಣ್ಣು ಮಾಡಿ, ಕೆರೆಗೆ ಹೋಗಿ ಅತ್ತು ಬಂದಳು. ಮರುದಿನ ಯಾರೋ ಹುಡುಗನ ಮಾತೆತ್ತಿದರೆ, ರೊಟ್ಟಿ ಬಡಿಯುತ್ತಲೇ "ಯಾವ ಹುಡುಗ?" ಎಂದಳು. ನಾನು ಅಲ್ಲಿಂದ ಎದ್ದು ಬಂದೆ. ಊರವರು ಮಾತ್ರ "ಪುಣ್ಯಾತ್ಗಿತ್ತಿ, ಮರ್ತಳು" ಎಂದು ಸಮಾಧಾನಪಟ್ಟರು.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಹುಚ್ಚವ್ವನ ಒಬ್ಬಳೇ ಮಗಳು ತಾಯವ್ವ ಜ್ವರದಲ್ಲಿ ಹೋದಳು. ಊರ ಹಿರಿಯ ಬಸಗೊಂಡಪ್ಪ ಬಾಗಿಲಿಗೇ ಬಂದ.

"ಕೆರಿಗಿ ಹೋಗವ್ವಾ. ಆಕಿ ಉಪಾಸ ಬಿದ್ರ ಊರಿಗೆ ಕೇಡು."

"ಮಗಳನ್ನ ಮಣ್ಣಿಗೆ ಕೊಟ್ಟೀನ್ರಿ ಯಪ್ಪಾ. ಆಕಿ ನೆನಪು ಯಾರಿಗೂ ಕೊಡೂದಿಲ್ಲ. ಕೇಡು ಬಂದ್ರ ನನ್ನ ಮನಿ ತೋರಸ್ರಿ."

ಕೇಡು ಬಂದೇ ಬಂತು. ನಸುಕಿನಲ್ಲಿ ಹುಚ್ಚವ್ವ ಜೋಳ ಬೀಸಲು ಕೂತಾಗ, ಹೊಸ್ತಿಲಾಚೆ ನೀರು ತೊಟ್ಟಿಕ್ಕುವ ಸದ್ದು. ಆಮೇಲೆ ತಾಯವ್ವನದೇ ದನಿ: "ಯವ್ವಾ, ಕೆರಿಗಿ ಬಾ ಬೇ. ನನ್ನ ಸಲುವಾಗಿ ಒಮ್ಮೆ ಅಳು." ಪಕ್ಕದ ಮನೆಯ ನಮಗೂ ಅದು ಕೇಳಿಸಿತು. ಹೋಗಿಬಿಡುತ್ತಾಳೆ ಎಂದು ಹೆದರಿದೆ.

"ಥೂ, ಹಾಳಾದಾಕಿ! ನನ್ನ ಮಗಳು ಸಾಯೂತನಕ ನನ್ನ ಕಣ್ಣು ಒರಸ್ಯಾಳ. ಅಳು ಅನ್ನಾಕಿ ಅಲ್ಲ ಆಕಿ. ಹೊಂಟ ಹೋಗು!"

ಬೈದವಳೇ ಮಗಳ ಹೆಸರು ಸೇರಿಸಿ ಬೀಸುವ ಪದ ಎತ್ತಿದಳು. ಬಿಕ್ಕುತ್ತಲೇ ಹಾಡಿದಳು, ತನ್ನ ಮನೆಯಲ್ಲಿ, ತನ್ನ ಕಲ್ಲಿನ ಮುಂದೆ. ಹೊರಗಿನದು ಬಾಗಿಲು ಪರಚಿತು. ದಿನಾ ಬಂತು, ದಿನಾ ಬೈಸಿಕೊಂಡಿತು. ಅದರ ದನಿ ಸೊರಗುತ್ತ ಹೋಯಿತು.

ಒಂದು ನಸುಕು ಸಕ್ರವ್ವ ತನ್ನ ಜೋಳ ಬೀಸಿಕೊಳ್ಳಲು ಬಂದು ಬೀಸುವ ಕಲ್ಲಿನ ಆಚೆ ಬದಿ ಕೂತಳು. ಹುಚ್ಚವ್ವ ಹಾಡುತ್ತಲೇ ಇದ್ದಳು. ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಯಲಗೂರಪ್ಪನನ್ನು ಪದದೊಳಗೆ ತಂದಳು. ಸಕ್ರವ್ವನ ಕೈ ನಿಂತಿತು.

"ಯಲಗೂರ... ನನ್ನ ಮಗ!" ಎಂದು ಚೀರಿದಳು.

ಕೂಡಲೇ ಹೊರಗಿನಿಂದ ಹುಡುಗನ ದನಿ ಬಂತು: "ಯವ್ವಾ, ಕೆರಿಗಿ ಬಾ ಬೇ."

ಸಕ್ರವ್ವ ಎದ್ದು ಬಾಗಿಲವರೆಗೆ ಹೋದಳು. ಹುಚ್ಚವ್ವ ತಡೆಯಲಿಲ್ಲ, ಹಾಡನ್ನೂ ನಿಲ್ಲಿಸಲಿಲ್ಲ. ಸಕ್ರವ್ವ ಅಗುಳಿ ಗಟ್ಟಿಯಾಗಿ ಹಾಕಿ, ಗಳಗಳ ಅಳುತ್ತ ತಿರುಗಿ ಬಂದು ಬೀಸುವ ಕಲ್ಲಿನ ಗೂಟ ಹಿಡಿದಳು.

"ಒಮ್ಮೆ ತಿಂದೀ, ಸಾಕು," ಎಂದಳು ಬಾಗಿಲಿನತ್ತ. "ಈ ಸಲ ಕೊಡೂದಿಲ್ಲ."